ಇಂಗ್ಲಿಷ್ ಮೇಷ್ಟ್ರ ಕನ್ನಡ

ಇಲ್ಲಿ ದೋಹಾದಲ್ಲಿ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಯುತ್ತಾರೆ, ಮನೆಯಲ್ಲಿ ಅಜ್ಜಿಯಿಂದ ಫೋನಿನಲ್ಲಿ ಮಹಾಭಾರತದ ಕಥೆ ಕೇಳುತ್ತಾರೆ. ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪೀತೆಂಬ ಅಳುಕು ನಮ್ಮಲ್ಲಿ ಅನೇಕರಿಗಿದೆ. ಎರಡನ್ನೂ ಹಿಡಿದ ಮೇಷ್ಟ್ರೊಬ್ಬರನ್ನು ಈ ಸಂಚಿಕೆಯಲ್ಲಿ ನೆನೆಯೋಣ.

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ, ಅಂದರೆ ನಮ್ಮ ಬಿ.ಎಂ.ಶ್ರೀ, ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಈಗಿನ ಮಂಡ್ಯ ಜಿಲ್ಲೆಯ ಬೆಳ್ಳೂರು ಅವರ ಊರು. ಶ್ರೀರಂಗಪಟ್ಟಣದಲ್ಲಿ ಶಾಲೆ; ಮೈಸೂರು, ಬೆಂಗಳೂರು, ಮದರಾಸುಗಳಲ್ಲಿ ಕಾಲೇಜು. ಎಂ.ಎ. ಮುಗಿಸಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಆಗ ಇಂಗ್ಲಿಷ್ ಓದಿದವರಲ್ಲಿ ಬಹಳ ಮಂದಿಗೆ ಕನ್ನಡವೆಂದರೆ ಅಸಡ್ಡೆ. ಹಳಗನ್ನಡ ಬಲ್ಲ ಪಂಡಿತರಿಗೆ ಇಂಗ್ಲಿಷ್ ದೂರ. ಶ್ರೀಯವರು ಇಬ್ಬರ ನಡುವೆ ಸೇತುವೆಯಾದರು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ, ಕನ್ನಡ ತಲೆಯೆತ್ತಿ ನಿಲ್ಲುವ ಬಗೆ ಹೇಗೆಂದು ಭಾಷಣ ಮಾಡಿದರು. 1926ರಲ್ಲಿ 'ಇಂಗ್ಲಿಷ್ ಗೀತಗಳು' ಪ್ರಕಟವಾಯಿತು. ಪ್ರತಿ ಸಾಲಿನ ಎರಡನೆಯ ಅಕ್ಷರ ಹೊಂದಲೇಬೇಕೆಂಬ ಹಳೆಯ ಪ್ರಾಸದ ಕಟ್ಟನ್ನು ಬಿಟ್ಟು, ಹೊಸ ಲಯದಲ್ಲಿ ಕನ್ನಡ ಹಾಡಿತು. ದಾರಿ ತೋರೆಂದು ಬೆಳಕನ್ನು ಬೇಡುವ ಪ್ರಾರ್ಥನೆಯನ್ನು ನಮ್ಮಲ್ಲಿ ಎಷ್ಟೋ ಜನ ಶಾಲೆಯಲ್ಲಿ ಹಾಡಿದ್ದೇವೆ. ಅದು ನ್ಯೂಮನ್ ಬರೆದ ಇಂಗ್ಲಿಷ್ ಸ್ತೋತ್ರಕ್ಕೆ ಶ್ರೀಯವರು ಕೊಟ್ಟ ಕನ್ನಡ ರೂಪ!

ಹಳೆಯ ಮಹಾಕಾವ್ಯವನ್ನೂ ಅವರು ಬಿಡಲಿಲ್ಲ. ಹತ್ತನೆಯ ಶತಮಾನದ ರನ್ನನ ಗದಾಯುದ್ಧವನ್ನು ಗ್ರೀಕ್ ದುರಂತ ನಾಟಕದ ಕಣ್ಣಿನಿಂದ ಓದಿ 'ಗದಾಯುದ್ಧ ನಾಟಕಂ' ಮಾಡಿದರು. ಅಲ್ಲಿ ದುರ್ಯೋಧನ ಬರೀ ಖಳನಲ್ಲ, ಸೋಲಿನಲ್ಲೂ ದೊಡ್ಡವನು. 1929ರ 'ಅಶ್ವತ್ಥಾಮನ್' ನಾಟಕಕ್ಕೆ ಸೊಫೋಕ್ಲಿಸನ 'ಏಜಾಕ್ಸ್' ಮಾದರಿ. ಪುರಾಣದ ಚಿರಂಜೀವಿ ಅಲ್ಲಿ ತಾನೇ ಪ್ರಾಣ ಬಿಡುತ್ತಾನೆ! ಇದನ್ನು ಒಪ್ಪದವರೂ ಇದ್ದರು.

1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಆರಂಭವಾಯಿತು. ಇಂಗ್ಲಿಷ್ ಪ್ರೊಫೆಸರು ಕನ್ನಡವನ್ನೂ ಪಾಠ ಮಾಡಿದರು. ಮುಂದೆ 'ಶ್ರೀರಾಮಾಯಣ ದರ್ಶನಂ' ಬರೆದ ಕುವೆಂಪು ಅವರ ಶಿಷ್ಯರೇ. 1928ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಶ್ರೀಯವರಿಗೆ ಸಂದಿತು. ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ; ಧಾರವಾಡಕ್ಕೆ ಹೋಗಿ ಕಾಲೇಜಿನ ಪ್ರಿನ್ಸಿಪಾಲರಾದರು. 1946ರ ಜನವರಿ 5ರಂದು ತೀರಿಕೊಂಡರು.

ಅವರನ್ನು ಕನ್ನಡದ ಕಣ್ವ ಎನ್ನುತ್ತಾರೆ. ಕಣ್ವರು ಸಾಕಿದ್ದು ಬೇರೆಯವರ ಮಗುವನ್ನು. ಶ್ರೀಯವರೂ ಪರಭಾಷೆಯ ಕಾವ್ಯವನ್ನು ನಮ್ಮ ಮನೆಮಗಳಂತೆ ಬೆಳೆಸಿದರು. ನಮ್ಮ ಮಕ್ಕಳ ಇಂಗ್ಲಿಷ್ ಚೆನ್ನಾಗಿದ್ದರೆ ಅಂಜಬೇಕಿಲ್ಲ, ಜೊತೆಗೆ ಕನ್ನಡ ಓದಲು ಬಂದರೆ ಆಯಿತು. ಈ ಬಾರಿ ಊರಿನಿಂದ ಬರುವಾಗ ಉಪ್ಪಿನಕಾಯಿ, ಚಟ್ನಿಪುಡಿಯ ಪಕ್ಕದಲ್ಲಿ 'ಇಂಗ್ಲಿಷ್ ಗೀತಗಳು' ಪುಸ್ತಕಕ್ಕೂ ಸ್ವಲ್ಪ ಜಾಗ ಇಡಿ.