ಪಿಯಾನೋ ಕಥೆಗಳಿಗೆ ಒಲಿದ ಅರಸರು

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳು ಸೇರಿದ್ದ ಮೈಸೂರು ಸಂಸ್ಥಾನದ ಕೊನೆಯ ಅರಸರಾದ ಶ್ರೀ ಜಯಚಾಮರಾಜ ಒಡೆಯರು 1919ನೆಯ ಇಸವಿ ಜುಲೈ 18ರಂದು ಜನಿಸಿದರು. ಪಿಯಾನೋ ವಾದಕರಾಗಬೇಕೆಂಬುದು ಅವರ ಹಂಬಲ. ಆದರೆ 1940ರಲ್ಲಿ ತಂದೆಯವರೂ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜರೂ ಕಾಲವಾದುದರಿಂದ, ಇಪ್ಪತ್ತೊಂದರ ಹರೆಯದಲ್ಲಿಯೇ ಸಿಂಹಾಸನವೇರಬೇಕಾಯಿತು.

ಆ ಕಾಲದಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರರು ಸ್ವದೇಶವನ್ನು ತೊರೆದು ಲಂಡನ್ನಿನಲ್ಲಿ ಕಷ್ಟದಿಂದ ಬಾಳುತ್ತಿದ್ದರು. ಪಿಯಾನೋಗೆಂದು ಅವರು ರಚಿಸಿದ ಹಲವು ಕಿರುಕೃತಿಗಳಿಗೆ ಕಥೆಗಳೆಂದೇ ಹೆಸರು. ಅವುಗಳಲ್ಲಿ 1928ರ ಆರನ್ನು ಸಿಂಡರೆಲ್ಲಾಳಿಗೂ ಪೆದ್ದ ಇವಾನನಿಗೂ ಅರ್ಪಿಸಿದ್ದಾರೆ. ಮಾತಿಲ್ಲ, ವೇಷವಿಲ್ಲ, ಕುಣಿತದ ಲಯದಲ್ಲಿಯೇ ಅಜ್ಜಿಕಥೆಯ ಪಾತ್ರಗಳು ಕಣ್ಮುಂದೆ ಸುಳಿಯುತ್ತವೆ. ಯಕ್ಷಗಾನದ ಹಾಸ್ಯಗಾರನ ಬರವನ್ನು ಮದ್ದಳೆಯ ಪೆಟ್ಟಿನಿಂದಲೇ ಅರಿಯುವ ಮಲೆನಾಡಿಗರಾದ ನಮಗೆ ಇದು ತೀರ ಅಪರಿಚಿತವೇನಲ್ಲ!

ಮುಪ್ಪು, ಹೃದ್ರೋಗಗಳಿಂದ ಬಳಲಿದ್ದ ಮೆಟ್ನರರ ವಾದನವು ಅವರೊಡನೆಯೇ ಅಳಿದುಹೋಗಬಾರದೆಂದು ಒಡೆಯರು ಧ್ವನಿಮುದ್ರಣದ ವೆಚ್ಚವನ್ನು ವಹಿಸಿಕೊಂಡರು. 1947ರಲ್ಲಿ ಆ ವೃದ್ಧರು ತಮ್ಮ ಮೂರೂ ಕನ್ಸರ್ಟೋಗಳನ್ನು ಸ್ವತಃ ನುಡಿಸಿದರು. ಮೂರನೆಯದನ್ನು ಒಡೆಯರಿಗೇ ಅರ್ಪಿಸಿದರು. ನಾಲ್ಕು ವರ್ಷಗಳಲ್ಲಿ, 1951ರಲ್ಲಿ, ತೀರಿಕೊಂಡರು.

ಕರ್ನಾಟಕ ಸಂಗೀತದಲ್ಲಿಯೂ ತೊಂಬತ್ತಕ್ಕೆ ಮಿಕ್ಕಿದ ಕೃತಿಗಳನ್ನು ರಚಿಸಿದ ಒಡೆಯರು 1974ರ ಸೆಪ್ಟೆಂಬರ್ 23ರಂದು ನಿಧನರಾದರು. ತಾವು ವಾದಕರಾಗಲಿಲ್ಲ, ಮೆಟ್ನರರ ಬೆರಳುಗಳ ನಾದವಂತೂ ಇಂದಿಗೂ ಕೇಳಸಿಗುತ್ತದೆ.