ಅರೆನಿದ್ದೆಯ ಅಲೆಗಳನ್ನು ಕಂಡ ಹ್ಯಾನ್ಸ್ ಬರ್ಗರ್

ಪ್ರತಿದಿನ ಬೆಳಿಗ್ಗೆ ನಾನು ಊರಿಗಾಂನಲ್ಲಿ ರೈಲು ಹತ್ತಿ ಬಂಗಾರಪೇಟೆಯ ಕಾಲೇಜಿಗೆ ಬರುತ್ತೇನೆ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ ನಮ್ಮೂರಿನ ಬಹುಮಂದಿ ಕೆಲಸಕ್ಕಾಗಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ಕುಳಿತೊಡನೆ ಅವರು ಕಣ್ಣು ಮುಚ್ಚುವರು, ಆದರೆ ನಿದ್ರಿಸಿರುವುದಿಲ್ಲ. ಯಾರಾದರೂ ಹೆಸರು ಹಿಡಿದು ಕರೆದರೆ ಥಟ್ಟನೆ ಕಣ್ಣು ತೆರೆಯುವರು. ಎಚ್ಚರಕ್ಕೂ ನಿದ್ರೆಗೂ ನಡುವಣ ಈ ಸ್ಥಿತಿಯಲ್ಲಿ ಮಿದುಳು ಏನು ಮಾಡುತ್ತಿರುತ್ತದೆ? ಇದಕ್ಕೆ ಉತ್ತರದ ದಾರಿ ತೆರೆದವನು ಜರ್ಮನಿಯ ವೈದ್ಯ ಹ್ಯಾನ್ಸ್ ಬರ್ಗರ್. ಆತನ ಜೀವನವನ್ನು ಸಂಗ್ರಹವಾಗಿ ಇಲ್ಲಿ ಹೇಳಬಯಸುತ್ತೇನೆ.

ಬರ್ಗರ್ 1873ರಲ್ಲಿ ಕೋಬುರ್ಗ್ ಪಟ್ಟಣದ ಬಳಿ ಜನಿಸಿದನು. ಸಂಸ್ಕೃತ ಕಾವ್ಯಗಳನ್ನು ಜರ್ಮನ್ ಭಾಷೆಗೆ ತಂದ ಕವಿ ಫ್ರೀಡ್ರಿಕ್ ರೂಕರ್ಟ್ ಈತನ ತಾಯಿಯ ತಂದೆ. ಯೌವನದಲ್ಲಿ ಸೈನ್ಯದಲ್ಲಿದ್ದಾಗ ಒಮ್ಮೆ ಕುದುರೆಯಿಂದ ಬಿದ್ದು, ಫಿರಂಗಿ ಬಂಡಿಯ ಗಾಲಿಗೆ ಸಿಕ್ಕದೆ ಸ್ವಲ್ಪದರಲ್ಲಿ ಪಾರಾದನು. ಅದೇ ಸಂಜೆ ತಂದೆಯಿಂದ ಕ್ಷೇಮ ವಿಚಾರಿಸುವ ತಂತಿ ಬಂದಿತು. ದೂರದಲ್ಲಿದ್ದ ಸಹೋದರಿಯ ಮನಸ್ಸಿಗೆ ಅಪಾಯದ ಸೂಚನೆ ತೋರಿತ್ತಂತೆ! ಮನಸ್ಸಿನಿಂದ ಮನಸ್ಸಿಗೆ ಸಂದೇಶ ಒಯ್ಯುವ ಶಕ್ತಿಯೊಂದು ಇರಬೇಕೆಂದು ಬಗೆದು ಈತನು ವೈದ್ಯಶಾಸ್ತ್ರಕ್ಕೆ ತಿರುಗಿದನು.

ಆ ಶಕ್ತಿ ಕೊನೆಗೂ ಸಿಗಲಿಲ್ಲ, ಸಿಕ್ಕಿದ್ದು ಬೇರೊಂದು. ಯೆನಾ ನಗರದಲ್ಲಿ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲಬಾರಿಗೆ ಗುರುತಿಸಿದನು. ಅದು ವೋಲ್ಟಿನ ಹತ್ತು ಲಕ್ಷ ಭಾಗಗಳಲ್ಲಿ ಹತ್ತಾರು ಭಾಗಗಳಷ್ಟು ಅಲ್ಪ. ತಾನು ತಪ್ಪಿರಬಹುದೆಂಬ ಶಂಕೆಯಿಂದ ಐದು ವರ್ಷ ಪರೀಕ್ಷಿಸಿ, ಸ್ವಂತ ಮಗನ ಮೇಲೂ ಪ್ರಯೋಗ ನಡೆಸಿ, 1929ರಲ್ಲಿ ಪ್ರಕಟಿಸಿದನು. ಕಣ್ಣು ಮುಚ್ಚಿ ನೆಮ್ಮದಿಯಿಂದ ಕುಳಿತವನಲ್ಲಿ ಸೆಕೆಂಡಿಗೆ ಸುಮಾರು ಹತ್ತು ಅಲೆಗಳು ಏಳುವುವು. ಕಣ್ಣು ತೆರೆದೊಡನೆ ಅಡಗುವುವು. ಇವೇ ಆಲ್ಫಾ ಅಲೆಗಳು. ತೂಕಡಿಕೆ ಹೆಚ್ಚಿದಂತೆ ಇವು ಚದುರಿ, ಸೆಕೆಂಡಿಗೆ 4ರಿಂದ 7ರಷ್ಟು ನಿಧಾನವಾದ ಅಲೆಗಳು ತಲೆದೋರುವುವು. ಬರ್ಗರನ ಮಾತನ್ನು ಅನೇಕರು ನಂಬಲಿಲ್ಲ; 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ದೃಢಪಡಿಸಿದ ಮೇಲೆ ಲೋಕ ಒಪ್ಪಿತು. ಇಂದು ಮೂರ್ಛೆರೋಗದ ಪರೀಕ್ಷೆಗೆ ಈ ವಿಧಾನವೇ ಆಧಾರ.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ನಾಟ್ಸಿ ಆಳ್ವಿಕೆಯಲ್ಲಿ ರೋಗಿಗಳಿಗೆ ಬಲವಂತವಾಗಿ ಸಂತಾನಹರಣ ಮಾಡಿಸಲು ತೀರ್ಪು ಕೊಡುತ್ತಿದ್ದ ನ್ಯಾಯಾಲಯದಲ್ಲಿ ಬರ್ಗರನೂ ಕುಳಿತು ಸಮ್ಮತಿಸಿದನು. 1938ರಲ್ಲಿ ನಿವೃತ್ತನಾಗಿ, ಮನೋವ್ಯಥೆಯಿಂದ ಕುಗ್ಗಿ, 1941ರಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ರೋಗಿಯ ಮಿದುಳಿನ ಅತಿ ಸೂಕ್ಷ್ಮ ಮಿಡಿತವನ್ನು ಗುರುತಿಸಿದವನಿಗೆ ಆ ರೋಗಿಯ ಸಂಕಟ ಕಾಣದೆ ಹೋಯಿತಲ್ಲ ಎಂದು ನನಗೆ ವ್ಯಸನವಾಗುತ್ತದೆ. ದೊಡ್ಡವರ ಚರಿತ್ರೆಯಲ್ಲಿ ಇದನ್ನು ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಅರ್ಧಸತ್ಯವಾದೀತೆಂದು ಬರೆದಿದ್ದೇನೆ.