ಧೀಯಂತ್ರದ ಆಚಾರ್ಯ: ಭಾಸ್ಕರ

ಆಕಾಶಕಾಯಗಳ ಚಲನೆಯನ್ನು ಗಣಿತದಲ್ಲಿ ಹಿಡಿದಿಟ್ಟು, ಅವನ್ನು ಅಳೆಯಲು ಉಪಕರಣಗಳನ್ನೂ ಕಲ್ಪಿಸಿದ ಭಾರತೀಯರಲ್ಲಿ ಎರಡನೆಯ ಭಾಸ್ಕರಾಚಾರ್ಯನು ಅಗ್ರಗಣ್ಯನು. ಶಾಲಿವಾಹನ ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ, ಶಾಂಡಿಲ್ಯ ಗೋತ್ರದ ವಿದ್ವತ್ಕುಲದಲ್ಲಿ ಆತನ ಜನನವಾಯಿತು. ತನ್ನ ಊರು ಸಹ್ಯಾದ್ರಿಯ ಮಗ್ಗುಲಿನ ವಿಜ್ಜಡವಿಡವೆಂದು ಆತನೇ ಬರೆದುಕೊಂಡಿದ್ದಾನೆ. ಅದು ನಮ್ಮ ವಿಜಾಪುರವೆಂದು ಕೆಲವರೂ, ಖಾನದೇಶದ ಪಾಟಣೆಯ ಪರಿಸರದ್ದೆಂದು ಕೆಲವರೂ ಅಭಿಪ್ರಾಯಪಟ್ಟಿದ್ದಾರೆ. ತಂದೆ ಮಹೇಶ್ವರನೇ ಆತನಿಗೆ ವಿದ್ಯಾಗುರು.

1150ರಲ್ಲಿ, ತನ್ನ 36ನೆಯ ವಯಸ್ಸಿನಲ್ಲಿ, ಆತನು 'ಸಿದ್ಧಾಂತ ಶಿರೋಮಣಿ'ಯನ್ನು ರಚಿಸಿದನು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯಗಳೆಂಬ ನಾಲ್ಕು ಭಾಗಗಳು ಅದರಲ್ಲಿವೆ. ಗ್ರಹವೊಂದು ಆಯಾ ಕ್ಷಣದಲ್ಲಿ ಹೊಂದಿರುವ ಗತಿಯನ್ನು ಲೆಕ್ಕಿಸುವ ಕ್ರಮವನ್ನು ಆತನು ನಿರೂಪಿಸಿದನು. ಭೂಮಿಯು ನಿರಾಧಾರವಾಗಿ ಆಕಾಶದಲ್ಲಿ ನಿಂತಿದೆಯೆಂದೂ, ಭಾರವಾದ ವಸ್ತುಗಳನ್ನು ತನ್ನ ಶಕ್ತಿಯಿಂದಲೇ ಸೆಳೆದುಕೊಳ್ಳುತ್ತದೆಯೆಂದೂ ಗೋಲಾಧ್ಯಾಯದಲ್ಲಿ ಪ್ರತಿಪಾದಿಸಿದನು.

ಅದೇ ಗೋಲಾಧ್ಯಾಯದಲ್ಲಿ ಯಂತ್ರಗಳಿಗಾಗಿ ಒಂದು ಪ್ರತ್ಯೇಕ ಅಧ್ಯಾಯವಿದೆ. ತಳದ ಸಣ್ಣ ರಂಧ್ರದಿಂದ ನೀರು ತುಂಬಿ ಮುಳುಗುತ್ತ ಕಾಲವನ್ನು ಸೂಚಿಸುವ ಘಟೀಯಂತ್ರವೂ, ಸೂರ್ಯನ ಎತ್ತರದಿಂದ ವೇಳೆಯನ್ನು ಅರಿಯಲು ಆತನೇ ರೂಪಿಸಿದ ಫಲಕಯಂತ್ರವೂ ಅಲ್ಲಿ ವರ್ಣಿತವಾಗಿವೆ. ಪೊಳ್ಳು ಅರಗಳಲ್ಲಿ ಪಾದರಸ ತುಂಬಿ, ತಾನೇ ತಿರುಗುವ ಚಕ್ರವೊಂದನ್ನೂ ಆತನು ವಿವರಿಸಿದನು. ಹೊರಗಿನ ಶಕ್ತಿಯಿಲ್ಲದೆ ಯಾವ ಚಕ್ರವೂ ನಿರಂತರ ತಿರುಗದೆಂಬುದನ್ನು ಇಂದಿನ ಭೌತವಿಜ್ಞಾನ ತೋರಿಸಿಕೊಟ್ಟಿದೆ. ಆದರೆ ಇವೆಲ್ಲ ಯಂತ್ರಗಳಿಗಿಂತ ಮಿಗಿಲಾದುದು ಧೀಯಂತ್ರ, ಅಂದರೆ ಬುದ್ಧಿಯೆಂಬ ಯಂತ್ರವೆಂದು ಆತನು ಸಾರಿದುದು ಇಂದಿಗೂ ಸತ್ಯ. ಕೈಯಲ್ಲೊಂದು ಕೋಲಿದ್ದರೆ ಸಾಕು, ಬುದ್ಧಿಯುಳ್ಳವನು ದೂರದ ಬಿದಿರಿನ ಎತ್ತರವನ್ನೂ ಅಂತರವನ್ನೂ ಅಳೆಯಬಲ್ಲನು.

ಇದನ್ನು ನಮ್ಮ ವಿದ್ಯಾರ್ಥಿಗಳೂ ಪರೀಕ್ಷಿಸಬಹುದು. ಹಗಲಿರುಳು ಸಮವಾಗುವ ದಿನ ಹಾವೇರಿ, ರಾಣೇಬೆನ್ನೂರು ಅಥವಾ ಬ್ಯಾಡಗಿಯ ಯಾವುದೇ ಶಾಲೆಯ ಅಂಗಳದಲ್ಲಿ 12 ಅಂಗುಲದ ಶಂಕುವನ್ನು ನೆಟ್ಟಗೆ ನಿಲ್ಲಿಸಿದರೆ, ಅದರ ಅತ್ಯಂತ ಗಿಡ್ಡ ನೆರಳು 3 ಅಂಗುಲಕ್ಕಿಂತ ತುಸು ಹೆಚ್ಚಿರುತ್ತದೆ. ಅಷ್ಟರಿಂದಲೇ ನಮ್ಮ ಊರಿನ ಅಕ್ಷಾಂಶವು ಸುಮಾರು 15 ಡಿಗ್ರಿಯೆಂದು ತಿಳಿಯುತ್ತದೆ.

1183ರಲ್ಲಿ, ಸುಮಾರು 69ನೆಯ ವಯಸ್ಸಿನಲ್ಲಿ, ಗ್ರಹಗಣನೆಯನ್ನು ಸುಲಭಗೊಳಿಸುವ 'ಕರಣ ಕುತೂಹಲ'ವನ್ನು ಆಚಾರ್ಯನು ರಚಿಸಿದನು. ಓಲೆಗರಿಗಳ ಆ ಕಾಲದಲ್ಲಿ ಓದುವವರೂ ಪ್ರತಿಮಾಡುವವರೂ ಇಲ್ಲವಾದರೆ ಎಂತಹ ಶಾಸ್ತ್ರವೂ ಎರಡು ತಲೆಮಾರಿನಲ್ಲಿ ನಶಿಸಬಹುದಿತ್ತು. ಆ ಆಪತ್ತನ್ನು ತಡೆದುದು ಒಂದು ಮಠ. ಆಚಾರ್ಯನ ಮಗ ಲಕ್ಷ್ಮೀಧರನು ಯಾದವ ಅರಸ ಜೈತ್ರಪಾಲನ ಮನ್ನಣೆ ಪಡೆದವನು. ಮೊಮ್ಮಗ ಚಾಂಗದೇವನು ಸಿಂಘಣನ ಆಸ್ಥಾನ ಜ್ಯೋತಿಷಿ. ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿಯೇ ಚಾಂಗದೇವನು ಪಾಟಣೆಯಲ್ಲಿ ಮಠವೊಂದನ್ನು ಸ್ಥಾಪಿಸಿದನು. ಅದಕ್ಕೆ ನಿಕುಂಭವಂಶದ ಸೋಯಿದೇವನು 1207ರಲ್ಲಿ ನೀಡಿದ ದತ್ತಿಯನ್ನು ಅಲ್ಲಿಯ ಶಾಸನ ದಾಖಲಿಸಿದೆ. ಅರಸನ ದತ್ತಿಯೊಂದಿಗೆ ಊರಿನ ವ್ಯಾಪಾರದಿಂದಲೂ ಎಣ್ಣೆಗಾಣಗಳಿಂದಲೂ ಆ ಮಠಕ್ಕೆ ಪಾಲು ಸಲ್ಲುತ್ತಿತ್ತು.

1587ರಲ್ಲಿ ಅಕ್ಬರನ ಆಸ್ಥಾನಕವಿ ಫೈಜಿಯು ಲೀಲಾವತಿಯನ್ನು ಪಾರಸಿಗೆ ಅನುವಾದಿಸಿದನು. 1817ರಲ್ಲಿ ಕೋಲ್‌ಬ್ರೂಕನ ಇಂಗ್ಲಿಷ್ ಅನುವಾದವು ಪ್ರಕಟವಾಯಿತು. ಒಬ್ಬನ ಪ್ರತಿಭೆ ಲೋಕದ ಸಂಪತ್ತಾಗಬೇಕಾದರೆ ಕಲಿಸುವ ಗುರು, ಕಲಿಯುವ ಶಿಷ್ಯ, ಆಶ್ರಯ ನೀಡುವ ಮಠ, ಗಾಣದ ಎಣ್ಣೆಯಲ್ಲೂ ಪಾಲು ಕೊಡುವ ದಾನಿ, ಎಲ್ಲರೂ ಬೇಕು. ಧೀಯಂತ್ರವು ತಲೆಮಾರಿನಿಂದ ತಲೆಮಾರಿಗೆ ನಡೆದುಬರುವುದು ಇಂಥವರ ಕೈಗಳಿಂದಲೇ. ವಿದ್ಯಾದಾನದಲ್ಲಿ ತೊಡಗಿರುವ ನಮಗೆಲ್ಲ ಆಚಾರ್ಯನ ಬಾಳಿನ ಈ ಉತ್ತರಾರ್ಧವೂ ಸ್ಮರಣೀಯವಾದುದು.